ಅಂಕಪಟ್ಟಿಯ ಅಗ್ರಸ್ಥಾನವೇ ಪ್ರಶಸ್ತಿಯಲ್ಲ

ಪ್ರಶ್ನೆ: 2017–18ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಟೂರ್ನಿಯ ಲೀಗ್ ಹಂತದಲ್ಲಿ ಬೆಂಗಳೂರು ಎಫ್‌ಸಿ ಮೊದಲ ಸ್ಥಾನದಲ್ಲಿತ್ತು. ಅಗ್ರಸ್ಥಾನಕ್ಕೆ ಕೊಡುವ ಲೀಗ್ ಶೀಲ್ಡನ್ನು ಆ ವರ್ಷದ ಮಟ್ಟಿಗೆ ಕ್ಲಬ್ಬಿನ ಪ್ರಶಸ್ತಿಗಳ ಲೆಕ್ಕಕ್ಕೆ ಏಕೆ ಸೇರಿಸುವುದಿಲ್ಲ?

ಸೇರಿಸಲು ಅಂಥ ಶೀಲ್ಡೇ ಆಗ ಇರಲಿಲ್ಲ. ಈ ಪ್ರಶ್ನೆ ಪ್ರತಿ ಋತುವಿನ ಆರಂಭದಲ್ಲೂ ಬರುತ್ತದೆ. ಅದರ ಜೊತೆಗೇ, ಆಕರವಿಲ್ಲದೆ ಯಾರೋ ತಯಾರಿಸಿದ ‘ಸಾರ್ವಕಾಲಿಕ ದಾಖಲೆ’ಯ ಬಣ್ಣದ ಪಟ್ಟಿಯೊಂದೂ ಹರಿದಾಡತೊಡಗುತ್ತದೆ. ಆದ್ದರಿಂದ ಈ ಸಲ ವಿವರವಾಗಿಯೇ ಬರೆಯುತ್ತೇನೆ.

ಆ ಋತುವಿನಲ್ಲಿ ಕೋಚ್ ಆಲ್ಬರ್ಟ್ ರೋಕಾ ಅವರ ಬೆಂಗಳೂರು ತಂಡ 18 ಪಂದ್ಯಗಳಲ್ಲಿ 40 ಅಂಕ ಗಳಿಸಿ, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ 8 ಅಂಕ ಮುಂದಿತ್ತು. ಆದರೆ ಅಂದಿನ ನಿಯಮದಂತೆ ಲೀಗ್ ಹಂತವು ಸೆಮಿಫೈನಲ್‌ಗೆ ನಾಲ್ಕು ತಂಡಗಳನ್ನು ಆರಿಸುವ ಹಂತವಷ್ಟೇ ಆಗಿತ್ತು. ಚಾಂಪಿಯನ್ ಯಾರೆಂಬುದು ಫೈನಲ್‌ನಲ್ಲಿ ತೀರ್ಮಾನವಾಗುತ್ತಿತ್ತು. 2018ರ ಮಾರ್ಚ್ 17ರಂದು ಕಂಠೀರವದಲ್ಲಿ ನಡೆದ ಫೈನಲ್‌ನಲ್ಲಿ ನಮ್ಮ ಸುನಿಲ್ ಛೆಟ್ರಿ 9ನೇ ನಿಮಿಷದಲ್ಲೇ ಗೋಲು ಹೊಡೆದರು. ವಿರಾಮಕ್ಕೆ ಮೊದಲೇ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಸಲ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು, ಪಂದ್ಯ 2–3ರಿಂದ ಕೈತಪ್ಪಿತು. ಗ್ಯಾಲರಿಯಲ್ಲಿ ನಾನೂ ಇದ್ದೆ. ಆ ರಾತ್ರಿಯ ನೋವು ನನಗೆ ಇಂದಿಗೂ ಹಾಗೆಯೇ ಇದೆ. ಆದರೆ ನೋವನ್ನು ಶಮನ ಮಾಡುವುದು ದಾಖಲೆಯ ಕೆಲಸವಲ್ಲ. ಏಷ್ಯಾ ಮಟ್ಟದ ಎಎಫ್‌ಸಿ ಕಪ್ ಅವಕಾಶ ಹೋದದ್ದು ಸಹ ಫೈನಲ್ ಗೆದ್ದ ಚೆನ್ನೈಯಿನ್‌ಗೆ ಎಂಬುದನ್ನು ಗಮನಿಸಿದರೆ, ಅಂದು ಯಾವ ಸಾಧನೆಗೆ ಯಾವ ಬೆಲೆ ಇತ್ತೆಂಬುದು ತಿಳಿಯುತ್ತದೆ.

ಲೀಗ್ ವಿಜೇತರ ಶೀಲ್ಡ್ ಆರಂಭವಾದದ್ದು 2019–20ರಲ್ಲಿ, ಅದನ್ನು ಮೊದಲು ಪಡೆದದ್ದು ಎಫ್‌ಸಿ ಗೋವಾ. ಅದಕ್ಕೆ ಹಿಂದಿನ ವರ್ಷ, ಅಂದರೆ 2018–19ರಲ್ಲಿಯೂ ಬೆಂಗಳೂರು ಅಗ್ರಸ್ಥಾನದಲ್ಲೇ ಇತ್ತು. ಗೋವಾದಷ್ಟೇ, 34 ಅಂಕ ಇದ್ದರೂ ಪರಸ್ಪರ ಪಂದ್ಯಗಳ ಫಲಿತಾಂಶದಿಂದ ಮುಂದೆ ನಿಂತಿತ್ತು. ನಾನು ಬರೆದಿಡುವ ದಾಖಲೆ ಪುಸ್ತಕದಲ್ಲಿ ಆ ಋತುವಿನ ಕೊನೆಯ ಸಾಲು ಹೀಗಿದೆ: ‘17-3-2019, ಫೈನಲ್, ಮುಂಬೈ, ಎದುರಾಳಿ ಗೋವಾ, 90 ನಿಮಿಷಕ್ಕೆ 0–0, ಹೆಚ್ಚುವರಿ ಅವಧಿಯ ನಂತರ 1–0, ರಾಹುಲ್ ಭೇಕೆ 117.’ ಕ್ಲಬ್ಬಿನ ಐಎಸ್‌ಎಲ್ ಪ್ರಶಸ್ತಿಯೆಂದರೆ ಈ ಸಾಲು. ಅಗ್ರಸ್ಥಾನವನ್ನು ಪಕ್ಕದ ಬೇರೆ ಅಂಕಣದಲ್ಲಿ ಬರೆದಿದ್ದೇನೆ, ನೀವೂ ಹಾಗೆಯೇ ಬರೆದುಕೊಳ್ಳಿ. ಬೆಂಗಳೂರು ಐಎಸ್‌ಎಲ್‌ಗೆ ಮೊದಲು ಆಡುತ್ತಿದ್ದ ಐ-ಲೀಗ್‌ನ ಮಾತು ಬೇರೆ: ಅಲ್ಲಿ ಅಂಕಪಟ್ಟಿಯ ಮೊದಲಿಗರೇ ಚಾಂಪಿಯನ್ನರಾದ್ದರಿಂದ 2013–14 ಮತ್ತು 2015–16ರ ಅಗ್ರಸ್ಥಾನಗಳು ಪ್ರಶಸ್ತಿಗಳೇ ಹೌದು. ಇಂದಿನ ಕಣ್ಣಿನಿಂದ ಹಿಂದಿನ ಪಟ್ಟಿಯನ್ನು ತಿದ್ದಲು ಹೊರಟರೆ, ನಾಳೆ ಇನ್ನೊಬ್ಬರು ತಮಗೆ ಬೇಕಾದಂತೆ ತಿದ್ದುತ್ತಾರೆ; ಆಗ ಅವರನ್ನು ತಡೆಯಲು ನಮ್ಮ ಬಳಿ ಯಾವ ವಾದವೂ ಉಳಿಯುವುದಿಲ್ಲ.

ಪ್ರಶ್ನೆ: ಬೆಂಗಳೂರು ಆಡಿದ 2023ರ ಐಎಸ್‌ಎಲ್ ಫೈನಲ್ ಅನ್ನು ಸೋಲು ಎಂದು ಬರೆಯಬೇಕೇ?

ಪ್ರಶಸ್ತಿ ಹೋಯಿತು, ಪಂದ್ಯ 2–2ರ ಡ್ರಾ. ಎಟಿಕೆ ಮೋಹನ್ ಬಾಗಾನ್ ಪೆನಾಲ್ಟಿ ಶೂಟೌಟ್‌ನಲ್ಲಿ 4–3ರಿಂದ ಗೆದ್ದದ್ದನ್ನು ಪ್ರತ್ಯೇಕವಾಗಿ ನಮೂದಿಸಬೇಕು. ಶೂಟೌಟ್‌ನ ಗೋಲುಗಳನ್ನು ಆಟಗಾರರ ಖಾತೆಗೆ ಸೇರಿಸುವವರ ಪಟ್ಟಿಯನ್ನು ದಯವಿಟ್ಟು ನನಗೆ ಕಳುಹಿಸಬೇಡಿ.

ಪ್ರಶ್ನೆ: ಎಟಿಕೆ ಮತ್ತು ಮೋಹನ್ ಬಾಗಾನ್ ಆಮೇಲೆ ಒಂದಾದವಲ್ಲ, ಎಟಿಕೆ ಗೆದ್ದ ಮೂರು ಐಎಸ್‌ಎಲ್ ಪ್ರಶಸ್ತಿಗಳು ಮೋಹನ್ ಬಾಗಾನ್‌ಗೆ ಸೇರುತ್ತವೆಯೇ?

ಇಲ್ಲ. 2019–20ರಲ್ಲಿ ಎಟಿಕೆ ಐಎಸ್‌ಎಲ್ ಗೆದ್ದಾಗ ಮೋಹನ್ ಬಾಗಾನ್ ಬೇರೆಯೇ ಕ್ಲಬ್ಬಾಗಿ ಐ-ಲೀಗ್ ಗೆದ್ದಿತ್ತು.

ಪ್ರಶ್ನೆ: ಸೌಹಾರ್ದ ಪಂದ್ಯಗಳ ಗೋಲುಗಳು?

ಲೆಕ್ಕಕ್ಕಿಲ್ಲ.

ಪ್ರಶ್ನೆ: 2016ರ ಎಎಫ್‌ಸಿ ಕಪ್ ಪಂದ್ಯಗಳು ಕ್ಲಬ್ಬಿನ ಯಾವ ಋತುವಿಗೆ ಸೇರುತ್ತವೆ?

ಇದನ್ನು ಕೇಳಿದವರಿಗೆ ನನ್ನ ಮೆಚ್ಚುಗೆ ಸಲ್ಲಬೇಕು. ಎಎಫ್‌ಸಿ ಕಪ್ ಆಗ ಕ್ಯಾಲೆಂಡರ್ ವರ್ಷದಂತೆ ನಡೆಯುತ್ತಿತ್ತು, ನಮ್ಮ ದೇಶೀಯ ಋತು ಮೇ ತಿಂಗಳಿಗೆ ಮುಗಿಯುತ್ತಿತ್ತು. ಗುಂಪು ಹಂತವನ್ನೂ ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ನಲ್ಲಿ ಕಿಚಿ ವಿರುದ್ಧ ಬಂದ 3–2ರ ಗೆಲುವನ್ನೂ ಆಗಿನ ಕೋಚ್ ಆಷ್ಲಿ ವೆಸ್ಟ್‌ವುಡ್ ಅವರ 2015–16ರ ಲೆಕ್ಕಕ್ಕೆ ಹಾಕಿ. ಕಂಠೀರವದಲ್ಲಿ ಜೊಹೋರ್ ತಂಡವನ್ನು 3–1ರಿಂದ ಮಣಿಸಿದ ಸೆಮಿಫೈನಲ್ ಮತ್ತು ನವೆಂಬರ್ 5ರಂದು ದೋಹಾದಲ್ಲಿ ಇರಾಕ್‌ನ ವಾಯುಪಡೆ ಕ್ಲಬ್ಬಿಗೆ 0–1ರಿಂದ ಸೋತ ಫೈನಲ್ ರೋಕಾ ಅವರ 2016–17ಕ್ಕೆ ಸೇರುತ್ತವೆ. ಒಟ್ಟು ಟೂರ್ನಿಯ ಲೆಕ್ಕ ಬೇಕಾದವರು ಎರಡನ್ನೂ ಕೂಡಿಸಿಕೊಳ್ಳಲಿ, ಆದರೆ ಒಂದೇ ಪಂದ್ಯವನ್ನು ಎರಡು ಋತುಗಳಲ್ಲಿ ಬರೆಯದಿರಲಿ.