ಅಮೆರಿಕದಲ್ಲಿ ಹೈಸ್ಕೂಲ್ ಓದುವ ಮಗನ ಫೋನ್ ನಂಬರ್ ಸೇನೆಯವರಿಗೆ ಸಿಕ್ಕಿದ್ದು ಹೇಗೆ? ತಡೆಯಬಹುದಾ?

ಹೆಚ್ಚಾಗಿ ಶಾಲೆಯಿಂದಲೇ. ಸರ್ಕಾರಿ ಅನುದಾನ ಪಡೆಯುವ ಹೈಸ್ಕೂಲುಗಳು, ಸೇನಾ ನೇಮಕಾತಿಯವರು ಕೇಳಿದರೆ ಮಕ್ಕಳ ಹೆಸರು, ವಿಳಾಸ, ಫೋನ್ ನಂಬರ್ ಕೊಡಲೇಬೇಕು. 2002ರಲ್ಲಿ ಸಹಿಯಾದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಎಂಬ ಶಿಕ್ಷಣ ಕಾಯ್ದೆಯಲ್ಲಿ ಬಂದ ಈ ನಿಯಮ, ಅದರ ಬದಲಿಗೆ ಬಂದ 2015ರ ಹೊಸ ಕಾಯ್ದೆಯಲ್ಲೂ ಉಳಿದಿದೆ.

ತಡೆಯಬಹುದು. ‘ಮಗನ ವಿವರ ಸೇನೆಯವರಿಗೆ ಕೊಡಬೇಡಿ’ ಅಂತ ಶಾಲೆಗೆ ಬರೆದುಕೊಡಿ. ಸುಮ್ನೆ ಇದ್ದರೆ ಒಪ್ಪಿದ ಹಾಗೇ ಲೆಕ್ಕ. ಅನೇಕ ತಂದೆತಾಯಿಯರ ಸಿಟ್ಟಿಗೆ ಕಾರಣ ಇದೇ. ಶಾಲೆ ಶುರುವಾದಾಗ ಮನೆಗೆ ಬರುವ ಕಾಗದದ ರಾಶಿಯಲ್ಲಿ ‘ಬೇಡ ಅನ್ನಬಹುದು’ ಎಂಬ ಆ ಒಂದು ಸಾಲು ಯಾರ ಕಣ್ಣಿಗೆ ಬೀಳುತ್ತದೆ ಹೇಳಿ? 17ರ ಹುಡುಗ ಸೇನೆ ಸೇರಲು ಹೆತ್ತವರ ಸಹಿ ಬೇಕು. ಅವನಿಗೆ ಫೋನ್ ಮಾಡುವ ಮೊದಲೂ ಕೇಳಬೇಕಿತ್ತು ಅಲ್ವಾ?

ಕಾಲೇಜು ಖರ್ಚಿಗೆ ಸೇನೆಯೇ ದಾರಿ ಅಂದುಕೊಂಡ ಮನೆಗಳೂ ಇವೆ. ಅಂಥವರು ಕರೆಯನ್ನು ಸ್ವಾಗತಿಸುತ್ತಾರೆ.