ಸಿಗ್ನಲ್ ಇಲ್ಲದ ಕ್ರಾಸ್‌ನಲ್ಲಿ ಗುದ್ದಿದರೆ ತಪ್ಪು ಯಾರದು?

ಕುವೆಂಪುನಗರದ ಸಿಗ್ನಲ್ ಇಲ್ಲದ ಕ್ರಾಸ್‌ನಲ್ಲಿ ನೀವು ನೇರ ಹೋಗುತ್ತಿದ್ದಿರಿ, ಎಡಗಡೆಯಿಂದ ಬಂದ ಕಾರು ನಿಮ್ಮ ಹಿಂಬಾಗಿಲಿಗೆ ಗುದ್ದಿತು, ಈಗ ಅವರು ನೀವೇ ನುಗ್ಗಿದ್ದು ಅಂತ ಜಗಳಕ್ಕೆ ನಿಂತಿದ್ದಾರೆ, ಅಲ್ವಾ? ನೀವು ಹೇಳಿದಂತೆಯೇ ಆಗಿದ್ದರೆ ತಪ್ಪು ಅವರದೇ ಜಾಸ್ತಿ. 2017ರ ಡ್ರೈವಿಂಗ್ ನಿಯಮದಲ್ಲಿ ಸಿಗ್ನಲ್, ಪೊಲೀಸ್, ಬೋರ್ಡು ಯಾವುದೂ ಇಲ್ಲದ ಕಡೆ ಬಲಗಡೆಯಿಂದ ಬರುವ ಗಾಡಿಗೆ ದಾರಿ ಬಿಡಬೇಕು ಅಂತಿದೆ. ಅವರ ಬಲಕ್ಕಿದ್ದವರು ನೀವು. (ನಮ್ಮ ಮೈಸೂರಲ್ಲಿ ಮೊದಲು ಹಾರ್ನ್ ಹೊಡೆದವರದೇ ದಾರಿ, ಅದು ಬೇರೆ ಮಾತು.) ಅವರು ಮೇನ್ ರೋಡಲ್ಲಿ, ನೀವು ಅಡ್ಡರಸ್ತೆಯಲ್ಲಿ ಇದ್ದಿದ್ದರೆ ಮಾತ್ರ ಲೆಕ್ಕ ತಿರುಗಬಹುದು.

ಹಿಂಬಾಗಿಲು ನುಗ್ಗಾಗಿದೆ ಅಂದರೆ ನೀವು ಮುಕ್ಕಾಲು ಪಾಲು ದಾಟಿಯಾಗಿತ್ತು. ಇದು ನಿಮ್ಮ ಪರವಾಗಿದೆ, ಆದರೆ ಅಷ್ಟಕ್ಕೇ ಕೇಸು ಗೆದ್ದಂತಲ್ಲ. ಕ್ರಾಸ್ ಹತ್ತಿರ ನೀವೂ ಸ್ಪೀಡ್ ಇಳಿಸಬೇಕಿತ್ತು, ಇಳಿಸಿರದಿದ್ದರೆ ತಪ್ಪನ್ನು ಇಬ್ಬರಿಗೂ ಹಂಚುತ್ತಾರೆ. ಮೂಲೆ ಅಂಗಡಿಯ ಸಿಸಿಟಿವಿ ಹಳೆಯದನ್ನು ಅಳಿಸಿಕೊಂಡು ಹೋಗುತ್ತದೆ, ಇವತ್ತೇ ಹೋಗಿ ಕೇಳಿ. 'ನನ್ನದೇ ತಪ್ಪು' ಅಂತ ಯಾವ ಚೀಟಿಗೂ ಸುಮ್ನೆ ಸಹಿ ಹಾಕಬೇಡಿ. ಫುಲ್ ಇನ್ಶೂರೆನ್ಸ್ ಇದ್ದರೆ ತಪ್ಪು ಯಾರದೇ ಇರಲಿ, ನಿಮ್ಮ ಕಂಪನಿಯಲ್ಲೇ ಕ್ಲೇಮ್ ಮಾಡಬಹುದು. ಆದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ, ಹಾಗಾಗಿ ಮೊದಲು ಗ್ಯಾರೇಜಲ್ಲಿ ಬಾಗಿಲಿನ ಖರ್ಚು ಕೇಳಿಕೊಳ್ಳಿ.