ಮನೆಗೆ ಆಂಪ್ಲಿಫೈಯರ್: ವ್ಯಾಟ್ ನಂಬರ್ ಬಿಡಿ, ಅಡಾಪ್ಟರ್ ನೋಡಿ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಕಮ್ಮಿ ಬಜೆಟ್ಟಿನ ಆಂಪ್ಲಿಫೈಯರ್ ಬಗ್ಗೆನೇ ಇವೆ, ಅದಕ್ಕೆ ಎಲ್ಲಾನೂ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ (ದಾವಣಗೆರೆ): ಸರ್, ನಮ್ ಭಾವ ಅವರ ಹಳೇ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ ನಂಗೆ ಕೊಟ್ಟಿದಾರೆ. ಹಿಂದುಗಡೆ 6 ಓಮ್ (ಸ್ಪೀಕರಿನ ತಡೆ), 86 ಡಿಬಿ ಅಂತ ಬರ್ದಿದೆ. ರೂಮು 12 ಅಡಿಗೆ 14 ಅಡಿ. ಕೇಳೋದು ಹಿಂದೂಸ್ತಾನಿ ಗಾಯನ, ಹಳೇ ಸಿನಿಮಾ ಹಾಡು ಅಷ್ಟೆ. ಬಜೆಟ್ 8 ಸಾವಿರ. ಆನ್‌ಲೈನಲ್ಲಿ 300 ಪ್ಲಸ್ 300 ವ್ಯಾಟ್ ಅಂತ ಅಂಗೈ ಅಗಲದ ಪವರ್ ಆಂಪ್ಲಿಫೈಯರ್ ತೋರಿಸ್ತಾರೆ, ಅದು ನಿಜಾನಾ? 50 ವ್ಯಾಟಿಂದು ತಗೊಂಡ್ರೆ ಆಮೇಲೆ ಸಾಲಲ್ಲ ಅನ್ಸುತ್ತಾ?

ಉತ್ತರ: ಸಾಲುತ್ತೆ ಸರ್, ಧಾರಾಳವಾಗಿ ಸಾಲುತ್ತೆ. ನೀವು ಬರೆದಿರೋದ್ರಲ್ಲಿ ನಂಗೆ ತುಂಬಾ ಉಪಯೋಗಕ್ಕೆ ಬಂದಿದ್ದು ಆ 86 ಡಿಬಿ ಅನ್ನೋ ನಂಬರ್ರು, ಅದನ್ನ ಬಹಳ ಜನ ನೋಡೋದೇ ಇಲ್ಲ. ಅದು ಸ್ಪೀಕರ್‌ನ ಸೆನ್ಸಿಟಿವಿಟಿ. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದ್ರೆ 86 ಡಿಬಿ ಶಬ್ದ ಬರುತ್ತೆ ಅಂತ. ನೀವು ಎಂಟು ಅಡಿ ದೂರದಲ್ಲಿ ಕೂತ್ರೆ ಒಂದಷ್ಟು ಕಳೆಯುತ್ತೆ, ಎರಡು ಸ್ಪೀಕರ್ ಇರೋದ್ರಿಂದ ಸ್ವಲ್ಪ ಸೇರುತ್ತೆ, ಗೋಡೆಯಿಂದ ವಾಪಸ್ ಬರೋದೂ ಸೇರುತ್ತೆ, ಎಲ್ಲಾ ಕೂಡಿ ಕಳೆದ್ರೆ 1 ವ್ಯಾಟಿಗೆ ನಿಮ್ಮ ಕುರ್ಚಿ ಹತ್ರ ಸುಮಾರು 82, 83 ಡಿಬಿ. ಅಷ್ಟಕ್ಕೇ ಪಕ್ಕದಲ್ಲಿ ಕೂತವರ ಜೊತೆ ದನಿ ಎತ್ತಿ ಮಾತಾಡ್ಬೇಕಾಗುತ್ತೆ. 10 ವ್ಯಾಟ್ ಕೊಟ್ರೆ 10 ಡಿಬಿ ಜಾಸ್ತಿ, ಅಂದ್ರೆ ಕಿವಿಗೆ ಹೆಚ್ಚುಕಮ್ಮಿ ಎರಡರಷ್ಟು ಜೋರು ಅನ್ಸುತ್ತೆ. 50 ವ್ಯಾಟಿಗೆ 100 ಡಿಬಿ ಹತ್ರ ಹೋಗುತ್ತೆ, ಅಷ್ಟು ಜೋರಲ್ಲಿ ಗಂಟೆಗಟ್ಟಲೆ ಕೇಳಿದ್ರೆ ಕಿವಿ ಹಾಳಾಗುತ್ತೆ. ಇನ್ನು 50ರಿಂದ 100 ವ್ಯಾಟಿಗೆ ಹೋದ್ರೆ ಸಿಗೋದು ಬರೀ 3 ಡಿಬಿ, ಪಕ್ಕಪಕ್ಕದಲ್ಲಿಟ್ಟು ಕೇಳಿದ್ರೆ ಸ್ವಲ್ಪ ವ್ಯತ್ಯಾಸ ಗೊತ್ತಾಗುತ್ತೆ ಅಷ್ಟೆ. ವ್ಯಾಟ್ ಡಬಲ್ ಆದ್ರೆ ಸೌಂಡ್ ಡಬಲ್ ಆಗಲ್ಲ ಅನ್ನೋದೊಂದು ತಲೇಲಿ ಕೂತ್ರೆ ಅರ್ಧ ದುಡ್ಡು ಉಳಿಯುತ್ತೆ.

ಈಗ ಆ 300 ಪ್ಲಸ್ 300 ಡಬ್ಬಿ ವಿಷಯ. ಅದರೊಳಗೆ ಸಾಮಾನ್ಯವಾಗಿ ಇರೋದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಪಿಎ 3255 ಅನ್ನೋ ಕ್ಲಾಸ್ ಡಿ (ಕಮ್ಮಿ ಬಿಸಿಯಾಗೋ ಥರದ) ಚಿಪ್, ಚಿಪ್ ನಿಜವಾಗ್ಲೂ ಒಳ್ಳೇದು. ಅದರ ಡೇಟಾಶೀಟಲ್ಲಿ (ಕಂಪನಿ ಕೊಡೋ ವಿವರ ಪತ್ರ) 315 ವ್ಯಾಟ್ ಅಂತ ಇರೋದೂ ಸುಳ್ಳಲ್ಲ, ಆದ್ರೆ ಅದು 4 ಓಮ್ ಸ್ಪೀಕರಿಗೆ, 50 ವೋಲ್ಟಿಗಿಂತ ಮೇಲಿನ ಸಪ್ಲೈ ಕೊಟ್ಟಾಗ, ಅದೂ 10 ಪರ್ಸೆಂಟ್ ಡಿಸ್ಟಾರ್ಷನ್ (ಸೌಂಡ್ ಕೆಡೋದು) ಬರೋವರೆಗೆ ಎಳೆದಾಗ ಸಿಗೋ ಲೆಕ್ಕ. 10 ಪರ್ಸೆಂಟ್ ಡಿಸ್ಟಾರ್ಷನಲ್ಲಿ ಗಾಯನ ಕೇಳೋಕೆ ಆಗಲ್ಲ. ಡಬ್ಬಿ ಜೊತೆ ಬರೋ ಅಡಾಪ್ಟರ್ ಎಷ್ಟು ಅಂತ ನೋಡಿ. 32 ವೋಲ್ಟ್ 5 ಆಂಪಿಯರ್ ಅಂತಿದ್ರೆ ಗುಣಿಸಿ, 160 ವ್ಯಾಟ್. ಒಳಗೆ ಹೋಗೋದೇ 160 ಆದ್ಮೇಲೆ ಹೊರಗೆ 600 ಎಲ್ಲಿಂದ ಬರ್ಬೇಕು? ಹಂಗಂತ ಅದು ಕೆಟ್ಟ ಸಾಮಾನಲ್ಲ, ನಿಮ್ಮ ಸ್ಪೀಕರಿಗೆ ಕ್ಲೀನಾಗಿ ಬೇಕಾದಷ್ಟು ಕೊಡುತ್ತೆ. ತಗೊಳ್ಳಿ, ಆದ್ರೆ 300ಕ್ಕೆ ಅಂತ ದುಡ್ಡು ಕೊಡ್ಬೇಡಿ.

ಇನ್ನೊಂದು ಮಾತು. ನೀವು ಪವರ್ ಆಂಪ್ಲಿಫೈಯರ್ ಅಂತ ಬರ್ದಿದೀರ. ಬರೀ ಪವರ್ ಆಂಪ್ ಅಂದ್ರೆ ಅದ್ರಲ್ಲಿ ವಾಲ್ಯೂಮ್ ಇರಲ್ಲ, ಟಿವಿ ಮೊಬೈಲ್ ಬದಲಾಯಿಸೋ ಸ್ವಿಚ್ಚೂ ಇರಲ್ಲ, ಬಂದ ಸಿಗ್ನಲನ್ನ ಪೂರ್ತಿ ದೊಡ್ಡದು ಮಾಡಿ ಕಳಿಸುತ್ತೆ. ಮೊಬೈಲಿಂದ ನೇರ ಹಾಕಿ ಮರೆತು ವಾಲ್ಯೂಮ್ ಫುಲ್ ಇಟ್ಟಿದ್ರೆ ಸ್ಪೀಕರ್ ಕಥೆ ಮುಗೀತು. ಮನೆಗೆ ಬೇಕಾಗಿರೋದು ಎರಡೂ ಒಂದರಲ್ಲೇ ಇರೋ ಇಂಟಿಗ್ರೇಟೆಡ್ ಆಂಪ್, ಅಂಗಡೀಲಿ ಹಂಗಂತ ಕೇಳಿ. ಸ್ಪೀಕರ್ ವೈರಿಗೆ ಸಾವಿರಗಟ್ಟಲೆ ಹಾಕ್ಬೇಡಿ, ಮನೆ ವೈರಿಂಗಿಗೆ ಬಳಸೋ 1.5 ಸ್ಕ್ವೇರ್ ಎಂಎಂ ತಾಮ್ರದ ವೈರು ಐದು ಮೀಟರಿಗೆ ಬೇಕಾದಷ್ಟಾಯ್ತು.

ಪ್ರಶ್ನೆ (ಕುಂದಾಪುರ): ನಮ್ಮಲ್ಲಿ ಟಿಪಿಎ 3116 ಬೋರ್ಡಿನ ಸಣ್ಣ ಆಂಪ್ ಇದೆ, 8 ಓಮ್ ಸ್ಪೀಕರ್, ಸಪ್ಲೈ 12 ವೋಲ್ಟ್ ಅಡಾಪ್ಟರ್. ಭಾಗವತಿಕೆ ಚೆನ್ನಾಗೇ ಕೇಳುತ್ತೆ, ಚಂಡೆ ಶುರುವಾದ ಕೂಡ್ಲೆ ಸೌಂಡ್ ಒಡೆಯುತ್ತೆ. ದೊಡ್ಡ ಆಂಪ್ ತಗೋಬೇಕಾ?

ಉತ್ತರ: ತಗೋಬೇಡಿ, ಇನ್ನೂ ತಗೋಬೇಡಿ. ಮೊದಲು ಒಂದು ಪರೀಕ್ಷೆ ಮಾಡಿ, ಅದೇ ಜಾಗವನ್ನ ವಾಲ್ಯೂಮ್ ತೀರಾ ಕಮ್ಮಿ ಇಟ್ಟು ಕೇಳಿ. ಆಗ್ಲೂ ಚಂಡೆ ಒಡೆದ ಹಾಗೇ ಕೇಳಿದ್ರೆ ರೆಕಾರ್ಡಿಂಗೇ ಹಾಳಾಗಿದೆ, ರಂಗಸ್ಥಳದ ಹತ್ರ ಮೊಬೈಲ್ ಹಿಡಿದು ಮಾಡಿದ ರೆಕಾರ್ಡಿಂಗಲ್ಲಿ ಇದು ಮಾಮೂಲು, ಅದಕ್ಕೆ ಎಷ್ಟು ಲಕ್ಷದ ಆಂಪ್ ತಂದ್ರೂ ಪ್ರಯೋಜನ ಇಲ್ಲ. ಕಮ್ಮಿ ವಾಲ್ಯೂಮಲ್ಲಿ ಸರಿ ಇದ್ದು ಜೋರು ಮಾಡಿದಾಗ ಮಾತ್ರ ಒಡೆದ್ರೆ ಅದು ಕ್ಲಿಪ್ಪಿಂಗ್, ಅಂದ್ರೆ ಆಂಪಿಗೆ ವೋಲ್ಟೇಜ್ ಸಾಲ್ತಿಲ್ಲ. ಚಂಡೆ ಪೆಟ್ಟು ಬಿದ್ದ ಆ ಕ್ಷಣಕ್ಕೆ ಶಬ್ದ ಸರಾಸರಿಗಿಂತ ಸುಲಭವಾಗಿ 10 ಡಿಬಿ ಮೇಲೆ ಹೋಗುತ್ತೆ, ಅಂದ್ರೆ 10 ಪಟ್ಟು ಪವರ್ ಬೇಕು. ಭಾಗವತರ ದನಿಗೆ 2 ವ್ಯಾಟ್ ಸಾಕಾಗಿದ್ರೆ ಚಂಡೆಗೆ 20 ಬೇಕು.

ನಿಮ್ಮ ಬೋರ್ಡಿನ ಲೆಕ್ಕ ಹೀಗೆ. ಸಪ್ಲೈ ವೋಲ್ಟನ್ನ ಅದರಿಂದಲೇ ಗುಣಿಸಿ, ಸ್ಪೀಕರ್ ಓಮ್‌ನ ಎರಡರಷ್ಟರಿಂದ ಭಾಗಿಸಿ. 12 ವೋಲ್ಟಿಗೆ 144 ಭಾಗಿಸು 16, ಅಂದ್ರೆ 9 ವ್ಯಾಟ್, ನಿಜದಲ್ಲಿ ಇನ್ನೂ ಸ್ವಲ್ಪ ಕಮ್ಮಿ. ಅದೇ ಬೋರ್ಡಿಗೆ 24 ವೋಲ್ಟ್ ಕೊಟ್ರೆ 36. ಆಂಪ್ ಅದೇ, ಸ್ಪೀಕರ್ ಅದೇ, ಬದಲಾಗಿದ್ದು ಅಡಾಪ್ಟರ್ ಮಾತ್ರ, ಪವರ್ ನಾಲ್ಕು ಪಟ್ಟು. ಚಿಪ್ 26 ವೋಲ್ಟ್ ತನಕ ತಡೆಯುತ್ತೆ, ಆದ್ರೆ ಬೋರ್ಡ್ ಮೇಲಿರೋ ದೊಡ್ಡ ಕೆಪಾಸಿಟರ್ ಮೇಲೆ ಏನ್ ಬರ್ದಿದೆ ನೋಡಿ, 35 ವೋಲ್ಟ್ ಇದ್ರೆ 24 ಕೊಡಿ, 25 ವೋಲ್ಟಿಂದಾಗಿದ್ರೆ 24 ಬೇಡ. ಅಂಥದ್ದಕ್ಕೆ ಮನೇಲಿ ಹಳೇ ಲ್ಯಾಪ್‌ಟಾಪಿನ 19 ವೋಲ್ಟ್ 90 ವ್ಯಾಟ್ ಅಡಾಪ್ಟರ್ ಬಿದ್ದಿದ್ರೆ ಅದೇ ಸಾಕು, 22 ವ್ಯಾಟ್ ಹತ್ರ ಸಿಗುತ್ತೆ, ಖರ್ಚು ಸೊನ್ನೆ. ಪ್ಲಸ್ ಮೈನಸ್ ಮಾತ್ರ ಎರಡೆರಡು ಸಲ ನೋಡ್ಕೊಂಡು ಹಾಕಿ.

ಈ ಬೋರ್ಡ್‌ಗಳಲ್ಲಿ ಇನ್ನೊಂದು ಎಚ್ಚರಿಕೆ ಇದೆ. ಸ್ಪೀಕರಿಗೆ ಹೋಗೋ ಎರಡೂ ತುದೀಲಿ ವೋಲ್ಟೇಜ್ ಇರುತ್ತೆ, ಕಪ್ಪು ವೈರು ಗ್ರೌಂಡ್ ಅಲ್ಲ. ಎರಡು ಚಾನಲ್‌ನ ಕಪ್ಪು ವೈರುಗಳನ್ನ ಒಂದಕ್ಕೊಂದು ಸೇರಿಸೋದಾಗ್ಲಿ ಬಾಡಿಗೆ ತಾಗಿಸೋದಾಗ್ಲಿ ಮಾಡ್ಲೇಬೇಡಿ.

ಪ್ರಶ್ನೆ (ಬೆಂಗಳೂರು): ಎಸ್‌ಪಿ ರೋಡಲ್ಲಿ 5200, 1943 ಟ್ರಾನ್ಸಿಸ್ಟರ್ ಹಾಕಿ ಅಸೆಂಬಲ್ ಮಾಡಿದ 400 ವ್ಯಾಟ್ ಆಂಪ್ ಒಂದು ನೋಡ್ದೆ, ರೇಟೂ ಕಮ್ಮಿ. ಇನ್ನೊಂದು ಕಡೆ ಸೆಕೆಂಡ್ ಹ್ಯಾಂಡ್ ಎವಿ ರಿಸೀವರ್ (ಹೋಮ್ ಥಿಯೇಟರ್ ಆಂಪ್) ಸಿಗ್ತಿದೆ. ಯಾವುದು ಒಳ್ಳೇದು?

ಉತ್ತರ: ಎರಡೂ ಒಳ್ಳೇದಾಗಬಹುದು, ಎರಡೂ ಕೈ ಸುಡಬಹುದು, ನೀವು ಹೇಗೆ ನೋಡಿ ತಗೋತೀರ ಅನ್ನೋದ್ರ ಮೇಲಿದೆ. 5200, 1943 ಜೋಡಿ ಮೂಲತಃ ತೋಷಿಬಾದ್ದು, ಗಟ್ಟಿ ಟ್ರಾನ್ಸಿಸ್ಟರು, ಆದ್ರೆ ಮಾರ್ಕೆಟಲ್ಲಿ ಅದರ ನಕಲಿ ವಿಪರೀತ, ಮೇಲೆ ಪ್ರಿಂಟ್ ನೋಡಿ ಹೇಳೋದು ಕಷ್ಟ. ಹಾಗಾಗಿ ನಾನು ಟ್ರಾನ್ಸಿಸ್ಟರ್ ನೋಡೋಕೆ ಮುಂಚೆ ಟ್ರಾನ್ಸ್‌ಫಾರ್ಮರ್ ನೋಡ್ತೀನಿ. ಮುಚ್ಚಳ ತೆಗೀರಿ ಅಂತ ಅಂಗಡಿಯವರನ್ನ ಕೇಳಿ, ಇಷ್ಟವಿದ್ದವರು ತೆಗೆದು ತೋರಿಸ್ತಾರೆ. 24-0-24 (ನಡುವಿಂದ ಎರಡೂ ಕಡೆ 24 ವೋಲ್ಟ್), 2 ಆಂಪಿಯರ್ ಅಂತಿದ್ರೆ 48ನ್ನ 2ರಿಂದ ಗುಣಿಸಿ, 96. ಆ ಟ್ರಾನ್ಸ್‌ಫಾರ್ಮರಿಂದ 400 ವ್ಯಾಟ್ ಯಾವ ಕಾಲಕ್ಕೂ ಬರಲ್ಲ, ಕ್ಲಾಸ್ ಎಬಿ ಆಂಪಲ್ಲಿ ಒಳಗೆ ಹೋದ ಪವರಲ್ಲಿ ಒಂದು ದೊಡ್ಡ ಭಾಗ ಬಿಸಿಯಾಗಿ ಹೋಗುತ್ತೆ ಬೇರೆ, ಎರಡೂ ಚಾನಲ್ ಸೇರಿ 50, 60 ಅಂತ ಇಟ್ಕೊಳ್ಳಿ. ಅದೇ 5 ಆಂಪಿಯರ್ ಇದ್ರೆ ಮನೆಗೆ ಬಹಳ ಚೆನ್ನಾಗಿರುತ್ತೆ. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಪವರ್) ಅಂತ ಬರೆದಿರೋ ಯಾವ ನಂಬರನ್ನೂ ಓದ್ಲೇಬೇಡಿ, ಅದಕ್ಕೊಂದು ಒಪ್ಪಿತ ಅಳತೆನೇ ಇಲ್ಲ, ಆರ್‌ಎಂಎಸ್ (ಸತತವಾಗಿ ಕೊಡೋ ಪವರ್) ಎಷ್ಟು, ಎಷ್ಟು ಓಮಿಗೆ ಅಂತ ಕೇಳಿ.

ಒಂದು ಮಲ್ಟಿಮೀಟರ್ ಜೇಬಲ್ಲಿಟ್ಕೊಂಡು ಹೋಗಿ. ಸ್ಪೀಕರ್ ಹಾಕದೆ, ಹಾಡು ಹಾಕದೆ, ಆಂಪ್ ಆನ್ ಮಾಡಿ ಐದು ನಿಮಿಷ ಬಿಟ್ಟು ಸ್ಪೀಕರ್ ಟರ್ಮಿನಲ್ಲಲ್ಲಿ ಡಿಸಿ ವೋಲ್ಟೇಜ್ ಅಳೀರಿ. 50 ಮಿಲಿವೋಲ್ಟ್ ಒಳಗಿದ್ರೆ ಸರಿ. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸ್ತು ಅಂದ್ರೆ ಅಲ್ಲೇ ಬಿಟ್ಟು ಬನ್ನಿ, ಆ ಡಿಸಿ ನೇರವಾಗಿ ನಿಮ್ಮ ವೂಫರ್ ಕಾಯಿಲಿಗೆ ಹೋಗುತ್ತೆ. ಸ್ಪೀಕರ್ ಪ್ರೊಟೆಕ್ಷನ್ ರಿಲೇ ಇದ್ಯಾ ಕೇಳಿ, ಆನ್ ಮಾಡಿ ಒಂದೆರಡು ಸೆಕೆಂಡ್ ಆದ್ಮೇಲೆ ಟಕ್ ಅನ್ನುತ್ತಲ್ಲ ಅದೇ. ಆಮೇಲೆ ಸ್ಪೀಕರ್ ಹಾಕಿ ವಾಲ್ಯೂಮ್ ಸೊನ್ನೆಯಲ್ಲಿಟ್ಟು ಕಿವಿ ಹತ್ರ ಹಿಡೀರಿ, ಗುಂಯ್ ಅಂತ ಕೇಳಿದ್ರೆ ಮನೇಲಿ ರಾತ್ರಿ ಹೊತ್ತು ಅದು ಇನ್ನೂ ಕಾಡುತ್ತೆ. ಕಬ್ಬಿಣದ ಬಾಡಿಗೆ ಎರಡು ಪಿನ್ ಪ್ಲಗ್ ಇದ್ರೆ ಮೂರು ಪಿನ್ ಹಾಕಿಸಿ ಅರ್ಥ್ ಕೊಡಿಸಿಯೇ ತನ್ನಿ, ಇದ್ರಲ್ಲಿ ರಾಜಿ ಬೇಡ, ಮನೇಲಿ ಮಕ್ಕಳು ಮುಟ್ತಾರೆ. ಹಮ್ಮಿಂಗ್ ಹೋಗ್ಲಿ ಅಂತ ಅರ್ಥ್ ಪಿನ್ ಕಿತ್ತಾಕೋ ಸಲಹೆ ಯಾರಾದ್ರೂ ಕೊಟ್ರೆ ಕೇಳ್ಬೇಡಿ.

ರಿಸೀವರ್ ವಿಷಯಕ್ಕೆ ಬಂದ್ರೆ, ಹಳೇದಾಯ್ತು ಅಂತ ಜನ ಮಾರೋದು ಹೆಚ್ಚಾಗಿ ಎಚ್‌ಡಿಎಂಐ ಕೆಟ್ಟಿದೆ ಅಂತಲೋ, ಹೊಸ ಟಿವಿಗೆ ಹೊಂದಲ್ಲ ಅಂತಲೋ. ನಿಮಗೆ ಬೇಕಾಗಿರೋದು ಎರಡು ಸ್ಪೀಕರ್ ಸ್ಟೀರಿಯೋ, ಅದಕ್ಕೆ ಹಿಂದುಗಡೆ ಇರೋ ಆರ್‌ಸಿಎ (ಕೆಂಪು ಬಿಳಿ ಆಡಿಯೋ ಪಿನ್) ಸಾಕು, ಡೆನಾನ್, ಯಮಾಹಾ ಥರದ ಕಂಪನಿಗಳ ಆಂಪ್ ಸೆಕ್ಷನ್ ಗಟ್ಟಿಯಾಗೇ ಇರುತ್ತೆ. ಎರಡೂ ಚಾನಲ್ ಬರುತ್ತಾ, ಕಮ್ಮಿ ವಾಲ್ಯೂಮಲ್ಲಿ ಒಂದು ಕಡೆ ಕಟ್ ಆಗುತ್ತಾ ನೋಡಿ, ಕಟ್ ಆದ್ರೆ ಒಳಗಿನ ರಿಲೇ ಕಾಂಟ್ಯಾಕ್ಟ್ ಸವೆದಿರುತ್ತೆ, ಅದು ರಿಪೇರಿ ಆಗುತ್ತೆ, ರೇಟ್ ಇಳಿಸಿ ಕೇಳಿ. ನನ್ನ ಒಲವು ಕೇಳಿದ್ರೆ, ಸ್ಥಿತಿ ಚೆನ್ನಾಗಿರೋ ರಿಸೀವರ್ ಸಿಕ್ರೆ ಮೊದಲು ಅದೇ, ಮುಚ್ಚಳ ತೆಗೆದು ತೋರಿಸೋ ಅಸೆಂಬ್ಲರ್ ಸಿಕ್ರೆ ಆಮೇಲೆ ಅದು.

ಪ್ರಶ್ನೆ (ಕೊಪ್ಪ ಹತ್ರದ ಹಳ್ಳಿ): ನಮ್ಮಲ್ಲಿ ಸಂಜೆ ಕರೆಂಟ್ 170, 180 ವೋಲ್ಟಿಗೆ ಇಳಿಯುತ್ತೆ. ಎಲ್‌ಎಂ 3886 ಅನ್ನೋ ಐಸಿಯ ಆಂಪ್ ಕಿಟ್ ಹಾಕಿಸ್ಬೇಕು ಅಂತಿದೀನಿ. ತೊಂದ್ರೆ ಆಗುತ್ತಾ?

ಉತ್ತರ: ಕೆಡಲ್ಲ, ಆದ್ರೆ ಪವರ್ ಇಳಿಯುತ್ತೆ. 24-0-24 ಟ್ರಾನ್ಸ್‌ಫಾರ್ಮರ್ ಹಾಕಿದ್ರೆ 230 ವೋಲ್ಟ್ ಇದ್ದಾಗ ಡಿಸಿ ಎರಡೂ ಕಡೆ 34 ಸಿಗುತ್ತೆ, 8 ಓಮಿಗೆ 50 ವ್ಯಾಟ್ ಹತ್ರ ಬರುತ್ತೆ. ಕರೆಂಟ್ 170ಕ್ಕೆ ಬಂದ್ರೆ ಅದು 25 ಆಗಿ ಪವರ್ ಹೆಚ್ಚುಕಮ್ಮಿ ಅರ್ಧ, ಮೇಲೆ ಹೇಳಿದ ಹಾಗೆ ಅರ್ಧ ಆದ್ರೆ ಹೋಗೋದು 3 ಡಿಬಿ ಅಷ್ಟೆ, ಮನೇಲಿ ಅಷ್ಟಾಗಿ ಗೊತ್ತಾಗಲ್ಲ. ಸ್ಪೀಕರ್ 4 ಓಮಿಂದಾಗಿದ್ರೆ ಮಾತ್ರ 24 ಬೇಡ, 18-0-18 ಹಾಕ್ಸಿ, ಇಲ್ಲಾಂದ್ರೆ ಐಸಿ ವಿಪರೀತ ಬಿಸಿಯಾಗುತ್ತೆ, ಹೀಟ್‌ಸಿಂಕಲ್ಲಿ ಕಂಜೂಸು ಮಾಡ್ಬೇಡಿ. ಕಿಟ್ ಮೊದಲ ಸಲ ಆನ್ ಮಾಡುವಾಗ ಕರೆಂಟ್ ಬರೋ ವೈರಿಗೆ ಸೀರೀಸಲ್ಲಿ 60 ವ್ಯಾಟಿನ ಹಳೇ ಕಾಲದ ತಂತಿ ಬಲ್ಬ್ ಹಾಕ್ಕೊಳ್ಳಿ, ಬಲ್ಬ್ ಒಂದು ಸಲ ಮಿಂಚಿ ಮಂಕಾದ್ರೆ ಸರಿ ಇದೆ, ಪೂರ್ತಿ ಉರೀತಾ ನಿಂತ್ರೆ ಎಲ್ಲೋ ಶಾರ್ಟ್ ಇದೆ.

ವೋಲ್ಟೇಜ್ ತಾಪತ್ರಯವೇ ಬೇಡ ಅಂದ್ರೆ 100ರಿಂದ 240 ಅಂತ ಬರೆದಿರೋ ಅಡಾಪ್ಟರಿನ ಕ್ಲಾಸ್ ಡಿ ಆಂಪ್ ತಗೊಳ್ಳಿ, 170 ಅದಕ್ಕೆ ಲೆಕ್ಕಕ್ಕೇ ಇಲ್ಲ. 110, 220 ಅಂತ ಸ್ಲೈಡ್ ಸ್ವಿಚ್ ಇರೋ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಮಾತ್ರ ನಿಮ್ಮ ಕಡೆಗೆ ಆಗಿಬರಲ್ಲ, ಕಮ್ಮಿ ಕರೆಂಟಲ್ಲಿ ಬಿಟ್ಟು ಬಿಟ್ಟು ಬರುತ್ತೆ, ಆಗ ಅಪ್ಪಿತಪ್ಪಿ ಆ ಸ್ವಿಚ್ಚನ್ನ 110ಕ್ಕೆ ತಳ್ಳಿದ್ರೆ ರಾತ್ರಿ ಕರೆಂಟ್ ಸರಿಹೋದ ಕೂಡ್ಲೆ ಸುಟ್ಟೇಹೋಗುತ್ತೆ. ಮತ್ತೆ ಮಲೆನಾಡಿನ ಸಿಡಿಲು ನಿಮಗೆ ನಾನು ಹೇಳ್ಬೇಕಾಗಿಲ್ಲ, ಗುಡುಗು ಕೇಳಿಸಿದ ಕೂಡ್ಲೆ ಪ್ಲಗ್ ಕಿತ್ತಿಡಿ, ಟಿವಿಯಿಂದ ಬರೋ ವೈರನ್ನೂ ಬಿಚ್ಚಿಡಿ, ಡಿಶ್ ಕೇಬಲ್ ದಾರಿಯಲ್ಲೇ ಬಂದು ಆಂಪ್ ಹೋಗಿರೋದು ಬಹಳ ಇದೆ.

ಪ್ರಶ್ನೆ (ನ್ಯೂಜೆರ್ಸಿ): ಮುಂದಿನ ವರ್ಷ ಊರಿಗೆ ವಾಪಸ್ ಬರ್ತಿದೀವಿ, ಇಲ್ಲಿನ ಸ್ಟೀರಿಯೋ ಆಂಪ್ ತರಬಹುದಾ?

ಉತ್ತರ: ಹಿಂದುಗಡೆ ಓದಿ ಮೇಡಂ. 100-240 ವೋಲ್ಟ್ ಅಂತಿದ್ರೆ ಪ್ಲಗ್ ಬದಲಾಯಿಸಿದ್ರೆ ಆಯ್ತು. ಬರೀ 120 ವೋಲ್ಟ್ 60 ಹರ್ಟ್ಜ್ ಅಂತಿದ್ರೆ ಇಲ್ಲಿ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಆಂಪ್ ಎಳೆಯೋದಕ್ಕಿಂತ ದೊಡ್ಡದು, ಮೇಲಾಗಿ ನಮ್ಮ 50 ಹರ್ಟ್ಜ್‌ನಲ್ಲಿ ಒಳಗಿನ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಜಾಸ್ತಿ ಬಿಸಿಯಾಗುತ್ತೆ. ಭಾರದ ಆಂಪ್ ಅಲ್ಲೇ ಮಾರಿ, ಸ್ಪೀಕರ್ ತನ್ನಿ, ಸ್ಪೀಕರಿಗೆ ಯಾವ ದೇಶದ ಕರೆಂಟೂ ಬೇಕಿಲ್ಲ.

ಪ್ರಶ್ನೆ (ಮೈಸೂರು): ನಮ್ಮ ಮಾವ ಮೈಕ್ ಸೆಟ್ ಬಿಜಿನೆಸ್ ನಿಲ್ಲಿಸಿದ್ರು, ಅಹುಜಾ ಆಂಪ್ಲಿಫೈಯರ್ ಒಂದು ಸುಮ್ನೆ ಬಿದ್ದಿದೆ. ಮನೇಲಿ ಹಾಡು ಕೇಳೋಕೆ ಬಳಸಬಹುದಾ?

ಉತ್ತರ: ಬಳಸಬಹುದು, ಆದ್ರೆ ಅದು ಮಾತಿಗೆ, ಹಾರ್ನಿಗೆ ಅಂತ ಮಾಡಿದ್ದು, ಸಾಮಾನ್ಯವಾಗಿ ಮೋನೋ, ಒಂದೇ ಚಾನಲ್. ಹಾಗಾಗಿ ಸ್ಟೀರಿಯೋ ಸಿಗಲ್ಲ, ಕೆಳಗಿನ ಬಾಸ್ ಅಷ್ಟು ಬರಲ್ಲ, ಮನೆಯ ನಿಶ್ಶಬ್ದದಲ್ಲಿ ಸಣ್ಣ ಹಮ್ಮಿಂಗ್ ಕೇಳಬಹುದು. ಹಿಂದುಗಡೆ ಕಾಮನ್, 4, 8, 16 ಓಮ್ ಜೊತೆಗೆ 70 ವೋಲ್ಟ್, 100 ವೋಲ್ಟ್ ಅಂತ ಟರ್ಮಿನಲ್ ಇರುತ್ತೆ. ಮನೆ ಸ್ಪೀಕರನ್ನ ಕಾಮನ್ನಿಗೂ ಅದರ ಓಮ್ ಎಷ್ಟೋ ಆ ಟರ್ಮಿನಲ್ಲಿಗೂ ಹಾಕಿ, 70, 100ರ ಕಡೆ ಹೋಗ್ಲೇಬೇಡಿ, ಅದು ಲೈನ್ ಟ್ರಾನ್ಸ್‌ಫಾರ್ಮರ್ (ಉದ್ದ ವೈರಿಂಗಿಗೆ ಅಂತ ಸ್ಪೀಕರಿಗೆ ಹಾಕೋದು) ಇರೋ ಸ್ಪೀಕರಿಗೆ ಮಾತ್ರ. ಮೊಬೈಲನ್ನ ಮೈಕ್ ಇನ್‌ಪುಟ್ಟಿಗೆ ಹಾಕ್ಬೇಡಿ, ಆಕ್ಸ್ ಅಥವಾ ಲೈನ್ ಅಂತಿರೋದಕ್ಕೆ ಹಾಕಿ, ಬಳಸದೇ ಇರೋ ಮೈಕ್ ವಾಲ್ಯೂಮ್‌ಗಳನ್ನೆಲ್ಲ ಸೊನ್ನೆಗೆ ತಿರುಗಿಸಿಡಿ, ಅರ್ಧ ಗಲಾಟೆ ಅಲ್ಲೇ ನಿಲ್ಲುತ್ತೆ.